ಶಾಸಕರ ಕೆಲಸ, ಸಂಬಳ, ಏಳುಬೀಳು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಹತ್ತಿರ ಬಂದಾಗ, ಸರ್ಕಾರ ಅಲುಗಾಡಿದಾಗ, ಶಾಸಕರ ಸಂಬಳ ಹೆಚ್ಚಾದಾಗ ಒಂದಷ್ಟು ಪ್ರಶ್ನೆಗಳು ತಪ್ಪದೇ ಬರುತ್ತವೆ. ಕೆಲವು ಪತ್ರದಲ್ಲಿ, ಕೆಲವು ಬಸ್ ಪ್ರಯಾಣದಲ್ಲಿ, ಕೆಲವು ಮದುವೆ ಊಟದ ಪಂಕ್ತಿಯಲ್ಲಿ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಉತ್ತರಗಳೆಲ್ಲ ಕರ್ನಾಟಕದ ಲೆಕ್ಕದಲ್ಲಿವೆ.

## ಮೊದಲ ಮೆಟ್ಟಿಲು

ಎಂಎಲ್‌ಎ ಆಗೋಕೆ ಎಷ್ಟು ಓದಿರಬೇಕು? ವಯಸ್ಸು ಎಷ್ಟಾಗಿರಬೇಕು?

ಓದಿನ ಷರತ್ತು ಇಲ್ಲ. 25 ವರ್ಷ ತುಂಬಿರಬೇಕು, ಭಾರತದ ಪ್ರಜೆಯಾಗಿರಬೇಕು, ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಿಲ್ಲುವ ಕ್ಷೇತ್ರದಲ್ಲೇ ಮತ ಇರಬೇಕೆಂದಿಲ್ಲ. ಹಾಗಾಗಿಯೇ ದೊಡ್ಡ ನಾಯಕರು ಊರು ಬಿಟ್ಟು ಊರಿಗೆ ಹೋಗಿ ಸ್ಪರ್ಧಿಸುತ್ತಾರೆ. ಒಟ್ಟು 224 ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು.

ಎಂಎಲ್‌ಎ, ಎಂಎಲ್‌ಸಿ ಇಬ್ಬರೂ ಶಾಸಕರೇ ಅಲ್ವಾ? ಮತ್ತೆ ಎರಡು ಮನೆ ಯಾಕೆ?

ಇಬ್ಬರೂ ಶಾಸಕರೇ. ಎಂಎಲ್‌ಎಯನ್ನು ನೀವು ನೇರವಾಗಿ ಆರಿಸುತ್ತೀರಿ, ಐದು ವರ್ಷಕ್ಕೆ. ಎಂಎಲ್‌ಸಿಗಳು, ಅಂದರೆ ವಿಧಾನ ಪರಿಷತ್ತಿನ 75 ಜನ, ಬೇರೆ ಬೇರೆ ಬಾಗಿಲಿನಿಂದ ಬರುತ್ತಾರೆ: 25 ಜನರನ್ನು ಎಂಎಲ್‌ಎಗಳು, 25 ಜನರನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, 7 ಜನರನ್ನು ಪದವೀಧರರು, 7 ಜನರನ್ನು ಶಿಕ್ಷಕರು ಆರಿಸುತ್ತಾರೆ. ಉಳಿದ 11 ಜನರನ್ನು ರಾಜ್ಯಪಾಲರು ನೇಮಿಸುತ್ತಾರೆ. ಇಲ್ಲಿಗೆ ಬರಲು 30 ವರ್ಷ ಆಗಿರಬೇಕು, ಅವಧಿ ಆರು ವರ್ಷ.

ಪರಿಷತ್ತು ಒಂದು ಮಸೂದೆಯನ್ನು ತಡ ಮಾಡಬಹುದು, ಪೂರ್ತಿ ತಡೆಯಲಾಗದು. ಬಜೆಟ್ ವಿಷಯದಲ್ಲಂತೂ ಅದರ ಕೈ ಕಟ್ಟಿದೆ. ದೇಶದಲ್ಲಿ ಈಗ ಆರು ರಾಜ್ಯಗಳಲ್ಲಿ ಮಾತ್ರ ಪರಿಷತ್ತಿದೆ. ಸೋತವರಿಗೆ ಆಶ್ರಯ ಕೊಡುವ ಮನೆ ಎಂಬ ದೂರು ಹಳೆಯದು, ಅದರಲ್ಲಿ ನಿಜವೂ ಇದೆ. ಆದರೆ ಇಲ್ಲೇ ಬದುಕು ಕಟ್ಟಿಕೊಂಡವರೂ ಇದ್ದಾರೆ. ಬಸವರಾಜ ಹೊರಟ್ಟಿ 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಬಂದವರು. 2022ರಲ್ಲಿ ಎಂಟನೇ ಸಲ ಗೆದ್ದರು. ಪಕ್ಷ ಬದಲಾಯಿತು, ಕ್ಷೇತ್ರ ಬದಲಾಗಲಿಲ್ಲ.

ನಮ್ಮ ಹತ್ರ ಪಕ್ಷಾನೂ ಇಲ್ಲ, ದುಡ್ಡೂ ಇಲ್ಲ. ನಿಲ್ಲಬಹುದಾ?

ಕಾನೂನಿನ ಪ್ರಕಾರ ಧಾರಾಳವಾಗಿ ನಿಲ್ಲಬಹುದು. ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಪಕ್ಷೇತರರಾದರೆ ಅದೇ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಮಾನ್ಯತೆ ಪಡೆದ ಪಕ್ಷ ತನ್ನ ಅಭ್ಯರ್ಥಿ ಎಂದು ಬರೆದುಕೊಡುವ ಬಿ ಫಾರಂ ಇದ್ದರೆ ಒಬ್ಬರು ಸಾಕು. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗವಾದರೂ ಬರದಿದ್ದರೆ ಠೇವಣಿ ಹೋಯಿತು.

ಪ್ರಚಾರಕ್ಕೆ ಒಬ್ಬ ಅಭ್ಯರ್ಥಿ 40 ಲಕ್ಷದವರೆಗೆ ಖರ್ಚು ಮಾಡಬಹುದು. ಊರಿನಲ್ಲಿ ಯಾರನ್ನಾದರೂ ಕೇಳಿ, ಈ ಮಿತಿ ಕೇಳಿ ನಕ್ಕುಬಿಡುತ್ತಾರೆ.

ಹಿಂದೆ ಹೀಗಿರಲಿಲ್ಲ ಎಂದು ಹೇಳಲು ಎರಡು ಹೆಸರು ಸಾಕು. ಸಮಾಜವಾದಿ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಮಲೆನಾಡಿನಿಂದ ಗೆದ್ದರು. ಜನರ ಹತ್ತಿರ ಓಟಿನ ಜೊತೆ ಒಂದು ನೋಟನ್ನೂ ಕೇಳಿ ಚುನಾವಣೆ ನಡೆಸಿದವರು ಎಂದು ಆ ಕಡೆಯವರು ಇಂದಿಗೂ ನೆನೆಯುತ್ತಾರೆ. 1962ರಲ್ಲಿ ಎಚ್.ಡಿ. ದೇವೇಗೌಡರು ಹೊಳೆನರಸೀಪುರದಲ್ಲಿ ಪಕ್ಷೇತರರಾಗಿ ಗೆದ್ದರು. ಇವತ್ತು ಪಕ್ಷೇತರರಾಗಿ ಗೆಲ್ಲುವವರಲ್ಲಿ ಹೆಚ್ಚಿನವರು ಟಿಕೆಟ್ ಸಿಗದ ಬಂಡಾಯಗಾರರು. ಅವರ ಹಿಂದೆ ಆಗಲೇ ಜನ, ಜಾತಿ, ಹಣ ಮೂರೂ ಇರುತ್ತವೆ.

ಒಂದೇ ಒಂದು ಓಟಿನಿಂದ ಸೋತವರು ಇದ್ದಾರಂತಲ್ಲ, ನಿಜಾನಾ?

ನಿಜ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ಅವತ್ತು ಕೃಷ್ಣಮೂರ್ತಿಯವರ ಕಾರು ಚಾಲಕನಿಗೇ ಮತ ಹಾಕಲು ಪುರುಸೊತ್ತು ಆಗಲಿಲ್ಲ ಎಂಬ ಕಥೆ ಆಮೇಲೆ ರಾಜ್ಯವೆಲ್ಲ ಓಡಾಡಿತು. ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ ಭಾರಿ ಅಂತರದಲ್ಲಿ ಗೆದ್ದರು. ಅದೇ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರ 16 ಮತಗಳಲ್ಲಿ ತೀರ್ಮಾನವಾಯಿತು. ಮತಗಳು ಸಮಸಮ ಬಂದರೆ ಚೀಟಿ ಎತ್ತುತ್ತಾರೆ.

ಅಪ್ಪ ಶಾಸಕ ಆಗಿರದಿದ್ದರೆ ಈಗ ಯಾರಿಗೂ ದಾರಿ ಇಲ್ಲ ಅಲ್ವಾ?

ದಾರಿ ಕಿರಿದಾಗಿದೆ, ಮುಚ್ಚಿಲ್ಲ. ಬಿ.ಎಸ್. ಯಡಿಯೂರಪ್ಪ ಶಿಕಾರಿಪುರ ಪುರಸಭೆಯಿಂದ ಮೇಲೆ ಬಂದವರು. ಸಿದ್ದರಾಮಯ್ಯ ಮೈಸೂರು ತಾಲ್ಲೂಕು ಅಭಿವೃದ್ಧಿ ಮಂಡಳಿಯಲ್ಲಿ ಇದ್ದವರು. ಇಬ್ಬರೂ ವಿಧಾನಸಭೆಗೆ ಮೊದಲು ಬಂದದ್ದು 1983ರಲ್ಲಿ. ಮಲ್ಲಿಕಾರ್ಜುನ ಖರ್ಗೆ ಕಲಬುರಗಿಯ ಕಾರ್ಮಿಕ ಸಂಘದ ಕೆಲಸದಿಂದ ಬಂದು 1972ರಲ್ಲಿ ಗುರುಮಠಕಲ್‌ನಲ್ಲಿ ಗೆದ್ದರು. ಅದೂ ಸೇರಿ ಸತತ ಒಂಬತ್ತು ವಿಧಾನಸಭಾ ಚುನಾವಣೆಗಳಲ್ಲಿ ಸೋಲಲಿಲ್ಲ.

ಇವರೆಲ್ಲ ಪಳಗಿದ್ದು ಊರಿನ ಸಭೆಗಳಲ್ಲಿ. ಜನ ಕುಟುಂಬ ರಾಜಕಾರಣವನ್ನು ಬೈಯುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಈ ಸಭೆಗಳದ್ದು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಆಳ್ವಿಕೆ. ಬೆಂಗಳೂರಿನ ಪಾಲಿಕೆಗೆ 2015ರಲ್ಲಿ ಆಯ್ಕೆಯಾದವರ ಅವಧಿ 2020ಕ್ಕೇ ಮುಗಿಯಿತು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಕಾರಣಗಳು ಸಾಲಾಗಿ ಬಂದವು. ಎದುರಾಳಿ ಬೆಳೆಯುವ ಜಾಗ ಖಾಲಿ ಇದ್ದರೆ ಹಾಲಿ ಶಾಸಕರಿಗೆ ನಷ್ಟವೇನೂ ಇಲ್ಲ ಅನ್ನುವುದೂ ಗೊತ್ತಿರಲಿ. ಸಸಿಮಡಿ ಒಣಗಿಸಿ ಗದ್ದೆ ಹಸಿರಾಗಲಿ ಅಂದರೆ ಆಗುತ್ತಾ?

## ಮನೆ ಮುಂದಿನ ಕೆಲಸ

ಅವರ ಸಂಬಳ ಸರಿಯಾಗಿ ಎಷ್ಟು?

2025ರ ಮಾರ್ಚ್‌ನಲ್ಲಿ ತಿದ್ದುಪಡಿಯಾದ ಮೇಲೆ ಶಾಸಕರ ಮೂಲ ಸಂಬಳ ತಿಂಗಳಿಗೆ 40,000ದಿಂದ 80,000 ಆಯಿತು. ಮಂತ್ರಿಗಳದ್ದು 60,000ದಿಂದ 1.25 ಲಕ್ಷ, ಮುಖ್ಯಮಂತ್ರಿಯದು 75,000ದಿಂದ 1.5 ಲಕ್ಷ. ಮೂಲ ಸಂಬಳ ಅಸಲಿ ಲೆಕ್ಕ ಅಲ್ಲ. ಕ್ಷೇತ್ರ ಪ್ರಯಾಣ, ಮನೆ, ಫೋನು, ಅಂಚೆ, ಆಪ್ತ ಸಹಾಯಕ ಹೀಗೆ ಭತ್ಯೆಗಳು ಸೇರಿದರೆ ಮೊತ್ತ ಹಲವು ಪಟ್ಟಾಗುತ್ತದೆ.

ಆ ಮಸೂದೆ ಚರ್ಚೆಯಿಲ್ಲದೆ, ಗದ್ದಲದ ನಡುವೆ ಪಾಸಾಯಿತು. ಅದೇ ದಿನ ವಿರೋಧ ಪಕ್ಷದ 18 ಶಾಸಕರು ಅಮಾನತಾದರು. ಬೇರೆ ಎಲ್ಲದಕ್ಕೂ ಕಿತ್ತಾಡುವವರು ಸಂಬಳಕ್ಕೆ ಮಾತ್ರ ಒಂದಾಗುತ್ತಾರೆ ಎಂಬ ಮಾತು ಪ್ರತಿ ಸಲವೂ ಬರುತ್ತದೆ. ಸಂಬಳ ಹೆಚ್ಚಿದ್ದಕ್ಕೆ ನನಗೆ ಆಕ್ಷೇಪವಿಲ್ಲ. ತಮ್ಮ ಸಂಬಳವನ್ನು ತಾವೇ ನಿಗದಿ ಮಾಡಿಕೊಳ್ಳುವ ಪದ್ಧತಿ ಹೋಗಬೇಕು.

ಬೆಳಗಾದ್ರೆ ಶಾಸಕರ ಮನೆ ಮುಂದೆ ಅಷ್ಟು ಜನ ಯಾಕೆ ನಿಂತಿರ್ತಾರೆ?

ಈ ಕೆಲಸದ ಮುಕ್ಕಾಲು ಪಾಲು ಅಲ್ಲೇ ನಡೆಯುತ್ತದೆ, ಅದಕ್ಕೆ. ಸಂವಿಧಾನ ಓದಿದರೆ ಶಾಸಕ ಕಾನೂನು ಮಾಡುವವನು, ಸರ್ಕಾರವನ್ನು ಪ್ರಶ್ನಿಸುವವನು. ಮನೆ ಮುಂದೆ ನಿಂತವರಿಗೆ ಬೇಕಾದದ್ದು ಬೇರೆ. ಒಬ್ಬರಿಗೆ ವೃದ್ಧಾಪ್ಯ ವೇತನ ನಿಂತಿದೆ. ಇನ್ನೊಬ್ಬರ ಟ್ರಾನ್ಸ್‌ಫಾರ್ಮರ್ ಸುಟ್ಟು ಬೆಳೆ ಒಣಗುತ್ತಿದೆ. ಒಬ್ಬ ತಾಯಿಗೆ ಮಗಳ ಹಾಸ್ಟೆಲ್ ಸೀಟು ಬೇಕು. ಮತ್ತೊಬ್ಬರು ಸುಮ್ನೆ ಮದುವೆ ಕರೆಯೋಲೆ ಕೊಡಲು ಬಂದಿರುತ್ತಾರೆ. ಮದುವೆಗೆ ಹೋಗದಿದ್ದರೆ ಅದು ಐದು ವರ್ಷವೂ ನೆನಪಿರುತ್ತದೆ. ಸಾವಿನ ಮನೆಗೆ ಹೋಗದಿದ್ದರೆ ಇನ್ನೂ ಜಾಸ್ತಿ.

ಇದು ಬರೀ ಅಭ್ಯಾಸವಲ್ಲ, ವ್ಯವಸ್ಥೆಯೇ ಶಾಸಕರನ್ನು ಅಲ್ಲಿ ಕೂರಿಸಿದೆ. ಬಗರ್ ಹುಕುಂ ಸಮಿತಿಯನ್ನೇ ನೋಡಿ. ಸರ್ಕಾರಿ ಜಮೀನಿನಲ್ಲಿ ಉಳುಮೆ ಮಾಡಿಕೊಂಡು ಬಂದವರು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿರುತ್ತಾರೆ. ಸಾಗುವಳಿ ಚೀಟಿ ಸಿಗಬೇಕಾದರೆ ಸಮಿತಿ ಸಭೆ ಸೇರಬೇಕು. ಆ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಸಭೆ ಕರೆಯದಿದ್ದರೆ ಅರ್ಜಿಗಳು ತಹಶೀಲ್ದಾರ್ ಕಚೇರಿಯಲ್ಲಿ ಧೂಳು ತಿನ್ನುತ್ತವೆ. ಬಡವರ ಮನೆ, ನಿವೇಶನದ ಆಶ್ರಯ ಸಮಿತಿಗೂ ಅವರೇ ಅಧ್ಯಕ್ಷರು. ಅಧಿಕಾರಿಗಳ ಕೆಲಸದ ಪ್ರಗತಿ ಕೇಳುವ ತಾಲ್ಲೂಕಿನ ಕೆಡಿಪಿ ಸಭೆಯನ್ನು ನಡೆಸುವವರೂ ಅವರೇ. ಜಮೀನು, ಮನೆ, ಅಧಿಕಾರಿ ಮೂರೂ ಒಬ್ಬರ ಸುತ್ತ ತಿರುಗುವಾಗ ಜನ ಇನ್ನೆಲ್ಲಿಗೆ ಹೋಗಬೇಕು?

ಇದರ ಬೆಲೆಯನ್ನು ಸದನ ಕೊಡುತ್ತದೆ. ಮಸೂದೆಯನ್ನು ರಾತ್ರಿ ಕೂತು ಓದಿ ತಿದ್ದುಪಡಿ ಸೂಚಿಸುವ ಶಾಸಕರಿಗೆ ಅದರಿಂದ ಒಂದು ಓಟೂ ಹೆಚ್ಚಾಗುವುದಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿದವರಿಗೆ ಒಂದು ಮನೆಯ ಓಟುಗಳು ಖಾಯಂ. ಇದನ್ನು ಅರ್ಥ ಮಾಡಿಕೊಳ್ಳದೆ ಸದನದ ಖಾಲಿ ಕುರ್ಚಿಗಳನ್ನು ಬೈದು ಪ್ರಯೋಜನವಿಲ್ಲ.

ಶಾಸಕರ ನಿಧಿ ಅಂತ 2 ಕೋಟಿ ಬರುತ್ತಲ್ಲ, ಅದು ಅವರ ಕೈಗೆ ಬರುತ್ತಾ?

ಇಲ್ಲ. ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ವರ್ಷಕ್ಕೆ 2 ಕೋಟಿಯ ಕೆಲಸಗಳನ್ನು ಶಾಸಕರು ಸೂಚಿಸುತ್ತಾರೆ. ಹಣ ಇರುವುದು ಜಿಲ್ಲಾಧಿಕಾರಿಗಳ ಬಳಿ, ಕೆಲಸ ಮಾಡಿಸುವುದು ಸರ್ಕಾರಿ ಏಜೆನ್ಸಿ. ಸಮುದಾಯ ಭವನ, ಶಾಲಾ ಕೊಠಡಿ, ಬಸ್ ತಂಗುದಾಣಗಳ ಮೇಲೆ ಅವರ ಹೆಸರು ದಪ್ಪ ಅಕ್ಷರದಲ್ಲಿ ಕಾಣುವುದು ಇದರಿಂದಲೇ. ಆದರೆ ರಸ್ತೆ, ಕೆರೆ, ಸೇತುವೆಗಳ ದೊಡ್ಡ ದುಡ್ಡು ಬರುವುದು ಇಲಾಖೆಗಳಿಂದ. ಅದನ್ನು ತರಲು ಮಂತ್ರಿಗಳ ಬಾಗಿಲು ಕಾಯಬೇಕು. ವಿರೋಧ ಪಕ್ಷದ ಶಾಸಕರು ಅನುದಾನದ ತಾರತಮ್ಯ ಎಂದು ಕೂಗುವುದು ಈ ದುಡ್ಡಿಗೆ. ಪಕ್ಷಗಳು ಜಾಗ ಬದಲಿಸಿದರೆ ಕೂಗುವವರೂ ಬದಲಾಗುತ್ತಾರೆ.

ಶಾಸಕರು ಲೆಟರ್ ಕೊಟ್ಟರೆ ವರ್ಗಾವಣೆ ಆಗಿಬಿಡುತ್ತಾ?

ಶಿಫಾರಸು ಪತ್ರ ಆದೇಶವಲ್ಲ. ಎಷ್ಟೋ ಪತ್ರಗಳನ್ನು ಬಂದವರ ಮನಸ್ಸು ನೋಯದಿರಲಿ ಎಂದು ಕೊಡುತ್ತಾರೆ. ಆಳುವ ಪಕ್ಷದ ಶಾಸಕರು ಪತ್ರ ಕೊಟ್ಟು ಫೋನೂ ಮಾಡಿದರೆ ಮಾತು ಬೇರೆ. ಅದು ತಪ್ಪೇ, ಆದರೆ ನಡೆಯುತ್ತದೆ.

## ಸದನದ ಒಳಗೆ

ವರ್ಷಕ್ಕೆ ಎಷ್ಟು ದಿನ ಅಧಿವೇಶನ? ಬೆಳಗಾವಿಗೆ ಯಾಕೆ ಹೋಗ್ತಾರೆ?

ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಎಂದು 2005ರಲ್ಲಿ ಕರ್ನಾಟಕವೇ ಒಂದು ಕಾನೂನು ಮಾಡಿಕೊಂಡಿತು. ತಾವೇ ಮಾಡಿದ ಆ ಕಾನೂನನ್ನು ಪಾಲಿಸಲು ಸರ್ಕಾರಗಳಿಗೆ ಆಗುತ್ತಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಗಡಿ ತಂಟೆಗೆ ಉತ್ತರ, ಉತ್ತರ ಕರ್ನಾಟಕಕ್ಕೆ ಒಂದು ಭರವಸೆ ಎಂಬ ಲೆಕ್ಕದಲ್ಲಿ ಕಟ್ಟಿದ್ದು. ಚಳಿಗಾಲದ ಅಧಿವೇಶನ ಅಲ್ಲಿ ನಡೆಯುತ್ತದೆ. ಕೃಷ್ಣಾ, ಮಹದಾಯಿ, ಕಬ್ಬಿನ ಬಾಕಿ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಚರ್ಚೆಗೆ ಬರುತ್ತವೆ, ಆದರೆ ಆ ಸರದಿ ಬರುವುದು ಹೆಚ್ಚಾಗಿ ಕೊನೆಯ ದಿನಗಳಲ್ಲಿ.

ಅಂದಹಾಗೆ, ಪ್ರಮಾಣವಚನ ತೆಗೆದುಕೊಳ್ಳದೆ ಸದನದಲ್ಲಿ ಕೂತರೆ ದಿನಕ್ಕೆ 500 ರೂಪಾಯಿ ದಂಡ. ಅನುಮತಿ ಇಲ್ಲದೆ ಸತತ 60 ದಿನದ ಕಲಾಪಕ್ಕೆ ಗೈರಾದರೆ ಸ್ಥಾನ ಖಾಲಿ ಎಂದು ಸದನ ಘೋಷಿಸಬಹುದು.

ಸದನದಲ್ಲಿ ಪ್ರಶ್ನೆ ಕೇಳಿದರೆ ಏನು ಬಂತು? ಎಲ್ಲಾ ನಾಟಕ ತಾನೇ?

ಟಿವಿಯಲ್ಲಿ ಬರುವುದು ಹೆಚ್ಚಾಗಿ ನಾಟಕ, ಒಪ್ಪುತ್ತೇನೆ. ಟಿವಿಗೆ ಬಾರದ್ದು ಬೇರೆಯೇ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಎದುರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಒಂದು ತಾಲ್ಲೂಕಿನಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ, ಯಾವ ಕಾಮಗಾರಿಗೆ ಎಷ್ಟು ಬಿಡುಗಡೆ ಎಂಬ ಮಾಹಿತಿ ಕಚೇರಿಯಲ್ಲಿ ಕೇಳಿದರೆ ನಾಳೆ ಬನ್ನಿ ಎನ್ನುತ್ತಾರೆ. ಸದನದ ಪ್ರಶ್ನೆ ಬಂದರೆ ಅದೇ ಕಚೇರಿ ರಾತ್ರಿ ಕೂತು ಲೆಕ್ಕ ತೆಗೆಯುತ್ತದೆ. ತಪ್ಪು ಉತ್ತರ ಕೊಟ್ಟರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪದ ಭಯವಿದೆ. ಮಂತ್ರಿ ಕೊಟ್ಟ ಮಾತನ್ನು ಬೆನ್ನುಹತ್ತಲು ಭರವಸೆಗಳ ಸಮಿತಿ ಎಂದೇ ಒಂದಿದೆ. ಮೊದಲ ಸಲ ಗೆದ್ದವರಿಗೆ ನಾನು ಹೇಳುವುದಿದ್ದರೆ ಇದನ್ನೇ: ಭಾಷಣ ಕಡಿಮೆ ಮಾಡಿ, ಪ್ರಶ್ನೆ ಜಾಸ್ತಿ ಹಾಕಿ.

ಸಮಿತಿಗಳು ಅಂದ್ರೆ ಟೂರ್ ಮಾಡೋಕೆ ಅಲ್ವಾ?

ಅಧ್ಯಯನ ಪ್ರವಾಸದ ಹೆಸರು ಕೆಟ್ಟಿರುವುದು ಹೌದು. ಆದರೆ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರಿನ ಸರ್ಕಾರಿ ಭೂಮಿಯ ಒತ್ತುವರಿಯನ್ನು ಸರ್ವೆ ನಂಬರ್ ಸಮೇತ ಬಯಲಿಗೆಳೆದು 2007ರಲ್ಲಿ ವರದಿ ಕೊಟ್ಟಿತು. ಒಂದು ದಶಕದ ನಂತರ ಕೆ.ಬಿ. ಕೋಳಿವಾಡ ಸಮಿತಿ ಕೆರೆಗಳ ಒತ್ತುವರಿಯ ಬಗ್ಗೆ ಅದೇ ಕೆಲಸ ಮಾಡಿತು. ವರದಿ ಜಾರಿಯಾಗದಿರುವುದು ಬೇರೆ ಮಾತು. ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರು ಅಧ್ಯಕ್ಷರಾಗುವುದು ರೂಢಿ. ಅಲ್ಲಿ ಅಧಿಕಾರಿಗಳು ಕಡತ ಹಿಡಿದು ಬಂದು ಉತ್ತರ ಕೊಡಬೇಕು.

ಮಂತ್ರಿ ಅಲ್ಲದ ಶಾಸಕರು ಕಾನೂನು ತರಬಹುದಾ?

ಖಾಸಗಿ ಮಸೂದೆ ಮಂಡಿಸಬಹುದು. ಅದು ಪಾಸಾಗುವುದು ತೀರಾ ಅಪರೂಪ. ಸರ್ಕಾರಿ ಮಸೂದೆಗೆ ತಿದ್ದುಪಡಿ ಸೂಚಿಸುವುದು ಇದಕ್ಕಿಂತ ಉಪಯೋಗಕ್ಕೆ ಬರುತ್ತದೆ. ಹೀಗೇ ಮತ ಹಾಕಬೇಕು ಎಂಬ ಪಕ್ಷದ ಅಪ್ಪಣೆ, ಅಂದರೆ ವಿಪ್ ಬಂತೆಂದರೆ ಅದೂ ಮುಗಿಯಿತು.

## ಏಳುಬೀಳು

ನಮ್ಮ ಶಾಸಕರು ಮೂರು ಸಲ ಗೆದ್ದರೂ ಮಂತ್ರಿ ಆಗಿಲ್ಲ. ಯಾಕೆ?

ಕುರ್ಚಿಗಳೇ 34. 2003ರ 91ನೇ ತಿದ್ದುಪಡಿ ಮಂತ್ರಿಮಂಡಲಕ್ಕೆ ವಿಧಾನಸಭೆಯ ಶೇಕಡ 15ರ ಮಿತಿ ಹಾಕಿತು. ಮುಖ್ಯಮಂತ್ರಿಯೂ ಆ 34ರಲ್ಲೇ ಸೇರುತ್ತಾರೆ. 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರು 135 ಜನ. ಜಿಲ್ಲೆ, ಜಾತಿ, ಒಳಗಿನ ಬಣ, ಹೈಕಮಾಂಡ್ ಎಲ್ಲವನ್ನೂ ತೂಗಿದ ಮೇಲೆ ಅನುಭವದ ಸರದಿ ಬರುತ್ತದೆ. ಸಿಗದವರಿಗೆ ನಿಗಮ, ಮಂಡಳಿ. ಕಾರು, ಕಚೇರಿ ಸಿಗುತ್ತದೆ, ಅಸಮಾಧಾನ ಒಂದಿಷ್ಟು ದಿನ ತಣ್ಣಗಾಗುತ್ತದೆ.

ಸ್ಪೀಕರ್ ಆದವರು ಮುಂದಿನ ಸಲ ಸೋಲ್ತಾರಂತೆ. ನಿಜವಾ, ಮೂಢನಂಬಿಕೆನಾ?

ಪಟ್ಟಿ ನೋಡಿದರೆ ನಂಬುವಂತೆಯೇ ಇದೆ. ಕಾಗೋಡು ತಿಮ್ಮಪ್ಪ, ಅವರ ನಂತರ ಬಂದ ಕೋಳಿವಾಡ ಇಬ್ಬರೂ 2018ರಲ್ಲಿ ಸೋತರು. ಕೆ.ಆರ್. ರಮೇಶ್ ಕುಮಾರ್, ವಿಶ್ವೇಶ್ವರ ಹೆಗಡೆ ಕಾಗೇರಿ 2023ರಲ್ಲಿ ಸೋತರು. ಆದರೆ ಕೆ.ಜಿ. ಬೋಪಯ್ಯ ಸ್ಪೀಕರ್ ಆದಮೇಲೆ 2013ರಲ್ಲಿ ವಿರಾಜಪೇಟೆಯಲ್ಲಿ ಗೆದ್ದರು.

ಶಾಪ ಏನಿಲ್ಲ. 1985ರ ನಂತರ ಕರ್ನಾಟಕದ ಮತದಾರರು ಆಳುವ ಪಕ್ಷವನ್ನು ಚುನಾವಣೆಯಲ್ಲಿ ಮತ್ತೆ ಅಧಿಕಾರಕ್ಕೆ ತಂದೇ ಇಲ್ಲ. ಸ್ಪೀಕರ್ ಸಾಮಾನ್ಯವಾಗಿ ಆಳುವ ಪಕ್ಷದವರು, ಅಲೆ ಬಂದಾಗ ಅವರೂ ಕೊಚ್ಚಿಹೋಗುತ್ತಾರೆ. ಜೊತೆಗೆ ಆ ಕುರ್ಚಿಯಲ್ಲಿ ಕೂತವರು ತಮ್ಮ ಕ್ಷೇತ್ರದ ರಸ್ತೆಗಾಗಿ ಸದನದಲ್ಲಿ ಜಗಳವಾಡಲಾಗದು. ಇನ್ನು ಶ್ರೀನಿವಾಸಪುರದಲ್ಲಿ ರಮೇಶ್ ಕುಮಾರ್ ಮತ್ತು ಜಿ.ಕೆ. ವೆಂಕಟಶಿವಾರೆಡ್ಡಿ ದಶಕಗಳಿಂದ ಸರದಿ ಹಾಕಿಕೊಂಡಂತೆ ಗೆಲ್ಲುತ್ತಿದ್ದಾರೆ. ಅಲ್ಲಿ ಸೋಲಿಗೆ ಸ್ಪೀಕರ್ ಕುರ್ಚಿಯನ್ನು ದೂರುವುದು ಅನ್ಯಾಯ.

ಪಕ್ಷ ಬಿಟ್ಟರೆ ಸ್ಥಾನ ಹೋಗುತ್ತೆ ಅಂತಾರೆ. ಮತ್ತೆ ರೆಸಾರ್ಟಿಗೆ ಹೋದವರೆಲ್ಲ ಹೇಗೆ ಬಚಾವಾಗ್ತಾರೆ?

1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನು, ಅಂದರೆ ಸಂವಿಧಾನದ ಹತ್ತನೇ ಅನುಸೂಚಿ, ಪಕ್ಷ ಬಿಟ್ಟವರನ್ನೂ ವಿಪ್ ಮೀರಿದವರನ್ನೂ ಅನರ್ಹಗೊಳಿಸುತ್ತದೆ. ಮೂರನೇ ಎರಡು ಭಾಗ ಶಾಸಕರು ಒಟ್ಟಾಗಿ ಇನ್ನೊಂದು ಪಕ್ಷದಲ್ಲಿ ವಿಲೀನವಾದರೆ ಮಾತ್ರ ವಿನಾಯಿತಿ. ಇದಕ್ಕೆ ಕಂಡುಕೊಂಡ ಒಳದಾರಿ ರಾಜೀನಾಮೆ. ಸ್ಥಾನ ಬಿಟ್ಟು, ಹೊಸ ಪಕ್ಷದ ಟಿಕೆಟ್‌ನಲ್ಲಿ ಉಪಚುನಾವಣೆ ಗೆದ್ದು ಬರುವುದು. 2008ರಲ್ಲಿ ಬಿಜೆಪಿಗೆ 110 ಸ್ಥಾನ ಬಂದು ಬಹುಮತಕ್ಕೆ ಮೂರು ಕಡಿಮೆಯಾದಾಗ ಈ ದಾರಿ ರೂಢಿಗೆ ಬಂತು. ‘ಆಪರೇಷನ್ ಕಮಲ’ ಎಂಬ ಹೆಸರು ಆಗಿನದು.

2019ರ ಜುಲೈನಲ್ಲಿ ಮತ್ತೆ ಅದೇ ನಡೆಯಿತು. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತದಲ್ಲಿ 99–105ರಿಂದ ಸೋತು ಬಿತ್ತು. ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು, ಅದೂ ಆ ವಿಧಾನಸಭೆಯ ಅವಧಿ ಮುಗಿಯುವ ತನಕ. ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಬಾರದೆಂದು ತಡೆಯುವ ಅಧಿಕಾರ ಸ್ಪೀಕರ್‌ಗೆ ಇಲ್ಲ ಎಂದಿತು. ಡಿಸೆಂಬರ್‌ನಲ್ಲಿ 15 ಕಡೆ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು.

ಎಲ್ಲರಿಗೂ ದಡ ಸಿಗಲಿಲ್ಲ. ಎ.ಎಚ್. ವಿಶ್ವನಾಥ್ ಹುಣಸೂರಿನಲ್ಲಿ ಸೋತರು. ಆಮೇಲೆ ಪರಿಷತ್ತಿಗೆ ನಾಮನಿರ್ದೇಶನವಾದರು. ಅನರ್ಹಗೊಂಡವರು ಚುನಾವಣೆಯಲ್ಲಿ ಗೆದ್ದು ಬಂದರೆ ಮಾತ್ರ ಮಂತ್ರಿಯಾಗಬಹುದು, ನಾಮನಿರ್ದೇಶನ ಲೆಕ್ಕಕ್ಕಿಲ್ಲ ಎಂದು ಹೈಕೋರ್ಟ್ ಹೇಳಿತು. ನನ್ನ ಮಟ್ಟಿಗೆ ಈ ಕಾನೂನು ಬಿಡಿಬಿಡಿಯಾಗಿ ಹಾರುವವರನ್ನು ಹಿಡಿಯುತ್ತದೆ, ಗುಂಪಾಗಿ ಹಾರುವವರಿಗೆ ದಾರಿ ಬಿಡುತ್ತದೆ. ಉಪಚುನಾವಣೆಯಲ್ಲಿ ಅವರನ್ನು ಮತ್ತೆ ಗೆಲ್ಲಿಸಿದವರು ಮತದಾರರೇ ಅನ್ನುವುದನ್ನೂ ಸೇರಿಸಿ ಹೇಳಬೇಕು.

ಕೇಸ್ ಇದ್ದವರು, ಜೈಲಿಗೆ ಹೋದವರು ಶಾಸಕರಾಗಿ ಮುಂದುವರಿಯಬಹುದಾ?

ಕೇಸ್ ಇದ್ದರೆ, ಬಂಧನವಾದರೆ ಸ್ಥಾನ ಹೋಗುವುದಿಲ್ಲ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದರೆ ಆ ದಿನವೇ ಹೋಗುತ್ತದೆ. ಮೊದಲು ಮೇಲ್ಮನವಿ ಹಾಕಿ ಕಾಲ ತಳ್ಳಬಹುದಿತ್ತು, 2013ರಲ್ಲಿ ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದನ್ನು ನಿಲ್ಲಿಸಿತು. ಮೇಲಿನ ಕೋರ್ಟು ತೀರ್ಪಿಗೆ ತಡೆ ಕೊಟ್ಟರೆ ಸ್ಥಾನ ಮರಳುತ್ತದೆ. ಅಭ್ಯರ್ಥಿಯ ಮೇಲಿನ ಕೇಸುಗಳು, ಆಸ್ತಿ, ಸಾಲ ಎಲ್ಲವೂ ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಇರುತ್ತವೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಹೆಣ್ಣುಮಕ್ಕಳು ಯಾಕಿಷ್ಟು ಕಡಿಮೆ?

2023ರಲ್ಲಿ ಗೆದ್ದವರು 224ರಲ್ಲಿ 10. ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು, ಅಲ್ಲಿ ಅವರು ಗೆದ್ದು ಆಡಳಿತ ನಡೆಸುತ್ತಿದ್ದಾರೆ. ಹಾಗಾಗಿ ಮಹಿಳಾ ಅಭ್ಯರ್ಥಿಗಳೇ ಸಿಗುವುದಿಲ್ಲ ಎಂಬ ಪಕ್ಷಗಳ ಮಾತು ನಂಬುವಂಥದ್ದಲ್ಲ. ಟಿಕೆಟ್ ಹಂಚುವ ಕೋಣೆಯಲ್ಲಿ ಅವರಿಲ್ಲ, ಅಷ್ಟೇ. ಕೆ.ಎಸ್. ನಾಗರತ್ನಮ್ಮ 1972ರಲ್ಲೇ ಸ್ಪೀಕರ್ ಆಗಿದ್ದರು ಎಂಬುದನ್ನು ನೆನೆದರೆ ನಾವು ಎಷ್ಟು ಮುಂದೆ ಬಂದಿದ್ದೇವೆ ಎಂದು ಅನುಮಾನವಾಗುತ್ತದೆ. 2023ರ 106ನೇ ತಿದ್ದುಪಡಿ ವಿಧಾನಸಭೆಯಲ್ಲಿ ಮೂರನೇ ಒಂದು ಭಾಗ ಮೀಸಲಿಟ್ಟಿತು. ಅದನ್ನು ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಗೆ ಕಟ್ಟಿಹಾಕಿತು.

ಸೋತ ಮೇಲೆ ಏನು ಮಾಡ್ತಾರೆ?

ಪಿಂಚಣಿ ಇದೆ, 2025ರಲ್ಲಿ ಅದೂ 50,000ದಿಂದ 75,000ಕ್ಕೆ ಏರಿತು. ಆದರೆ ಸೋತ ಮರುದಿನ ಮನೆ ಮುಂದಿನ ಜನ ಅರ್ಧಕ್ಕೆ ಇಳಿಯುತ್ತಾರೆ, ಅದಕ್ಕೆ ಪಿಂಚಣಿ ಇಲ್ಲ. ಕೆಲವರು ಪರಿಷತ್ತಿಗೆ ಹೋಗುತ್ತಾರೆ. ಕಾಗೇರಿ 2023ರಲ್ಲಿ ಶಿರಸಿಯಲ್ಲಿ ಸೋತು 2024ರಲ್ಲಿ ಉತ್ತರ ಕನ್ನಡದ ಸಂಸದರಾದರು. ಯಡಿಯೂರಪ್ಪ 1999ರಲ್ಲಿ ಸೋತರು, ಸಿದ್ದರಾಮಯ್ಯನವರೂ ಅದೇ ವರ್ಷ ಸೋತರು. ಇಬ್ಬರೂ ಮುಖ್ಯಮಂತ್ರಿಯಾದದ್ದು ಆ ಸೋಲಿನ ನಂತರ. ಹೆಸರು ಕೇಳದ ನೂರಾರು ಮಾಜಿಗಳು ಮಾತ್ರ ಮುಂದಿನ ಟಿಕೆಟ್‌ಗಾಗಿ ಊರೂರು ಸುತ್ತುತ್ತಲೇ ಇರುತ್ತಾರೆ.

ನಮ್ಮ ಶಾಸಕರು ಸದನದಲ್ಲಿ ಏನು ಮಾಡಿದ್ದಾರೆ ಅಂತ ನಾನು ನೋಡೋದು ಹೇಗೆ?

ವಿಧಾನಸಭೆಯ ಜಾಲತಾಣದಲ್ಲಿ ಕಲಾಪದ ನಡವಳಿಗಳು, ಪ್ರಶ್ನೋತ್ತರಗಳು ಸಿಗುತ್ತವೆ. ನಿಮ್ಮ ಶಾಸಕರ ಹೆಸರು, ಕ್ಷೇತ್ರದ ಹೆಸರು ಹುಡುಕಿ. ಯಾವ ಇಲಾಖೆಗೆ ಎಷ್ಟು ಪ್ರಶ್ನೆ ಕೇಳಿದ್ದಾರೆ ನೋಡಿ. ಒಂದೂ ಇಲ್ಲದಿದ್ದರೆ ಯಾಕೆಂದು ಕೇಳಿ, ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ ಎಂಬುದು ನೆನಪಿರಲಿ. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ನಿಮ್ಮೂರಿನ ಸಮಸ್ಯೆಯನ್ನು ಅರ್ಧ ಪುಟದಲ್ಲಿ ಬರೆದು, ಸರ್ವೆ ನಂಬರೋ ಕಡತದ ಸಂಖ್ಯೆಯೋ ಸೇರಿಸಿ ಅವರ ಆಪ್ತ ಸಹಾಯಕರ ಕೈಗೆ ಕೊಡಿ. ಪ್ರಶ್ನೆ ಸಲ್ಲಿಸಲು ಕೊನೆಯ ದಿನ ಅಧಿವೇಶನಕ್ಕೆ ಮೊದಲೇ ಇರುತ್ತದೆ, ಆದ್ದರಿಂದ ಸದನ ಶುರುವಾದ ಮೇಲೆ ಹೋಗಬೇಡಿ.